ಮಂಡ್ಯದ ಡಿ, ಮದ್ದೂರಿನ ಡಿ

ಬೆಂಗಳೂರಿನಿಂದ ಮೈಸೂರಿನ ರೈಲು ಹತ್ತಿದವರಿಗೆ ಮೊದಲು ಮದ್ದೂರು ಸಿಗುತ್ತದೆ, ಆಮೇಲೆ ಮಂಡ್ಯ. ಮದ್ದೂರು ಬಂತೆಂದರೆ ಕಣ್ಣು ವಡೆಯ ಬುಟ್ಟಿ ಹುಡುಕುವುದು ಸಹಜ. ಅದರ ನಡುವೆ ನಿಲ್ದಾಣದ ಫಲಕದ ಇಂಗ್ಲಿಷ್ ಸಾಲನ್ನೂ ಒಮ್ಮೆ ನೋಡಬೇಕು. ಮದ್ದೂರಿನ ‘ದ’ಕ್ಕೆ ಅಲ್ಲಿರುವುದು ಡಿ ಅಕ್ಷರ. ಮುಂದೆ ಮಂಡ್ಯದ ‘ಡ’ಕ್ಕೂ ಅದೇ ಡಿ. ರೈಲು ಹೋಗದ ಮಳವಳ್ಳಿಯ ಪಾಡು ಇನ್ನೂ ಕಷ್ಟದ್ದು. ಎಲ್ ಅಕ್ಷರಕ್ಕೆ ‘ಳ’ ತಿಳಿಯದ ಕಾರಣ ಹೊರಗಿನವರು ಆ ಊರನ್ನು ‘ಮಲವಲ್ಲಿ’ ಎಂದು ಓದುತ್ತಾರೆ. ಊರಿನವರಿಗೆ ಅದರ ಮೊದಲೆರಡು ಅಕ್ಷರ ಹೇಗೆ ಕೇಳಿಸುತ್ತದೆಂದು ಬಿಡಿಸಿ ಹೇಳಬೇಕಿಲ್ಲ. 1799ರ ಮಾರ್ಚ್ 27ರಂದು ಟಿಪ್ಪುವಿನ ಸೇನೆಯನ್ನು ಇಲ್ಲಿ ಎದುರಿಸಿದ ಬ್ರಿಟಿಷರಂತೂ ‘ಮಲ್ಲವೆಲ್ಲಿ’ ಎಂದು ಬರೆದುಕೊಂಡರು. ಶ್ರೀರಂಗಪಟ್ಟಣ ಅವರ ಕಡತಗಳಲ್ಲಿ ‘ಸೆರಿಂಗಪಟಮ್’ ಆಯಿತು.

ಇದನ್ನೆಲ್ಲ ದೊರೆಗಳ ಅಸಡ್ಡೆ ಎಂದು ತಳ್ಳಿಹಾಕಲಾಗದು. ‘ದ’ ಎನ್ನುವಾಗ ನಾಲಗೆಯ ತುದಿ ಮೇಲಿನ ಹಲ್ಲಿಗೆ ತಾಗುತ್ತದೆ, ‘ಡ’ ಎನ್ನುವಾಗ ಮೇಲಕ್ಕೆ ಮಡಚಿಕೊಳ್ಳುತ್ತದೆ. ಇಂಗ್ಲಿಷಿನ ಡಿ ಇವೆರಡರ ನಡುವೆ, ಹಲ್ಲಿನ ಹಿಂದಿನ ಒಸಡಿನ ಮೇಲೆ ಹುಟ್ಟುವ ಧ್ವನಿ. ಇಂಗ್ಲಿಷರಿಗೆ ಆ ಜಾಗದಲ್ಲಿ ಒಂದೇ ಧ್ವನಿ ಸಾಕಾಗಿದ್ದರಿಂದ ಎರಡನ್ನು ಬೇರ್ಪಡಿಸುವ ಅಭ್ಯಾಸ ಅವರ ಕಿವಿಗಿಲ್ಲ.

ಆದರೆ ಹುಟ್ಟುವಾಗ ಆ ಕಿವಿ ಹಾಗಿರುವುದಿಲ್ಲ. ಕೆನಡಾದ ಜಾನೆಟ್ ವರ್ಕರ್ ಮತ್ತು ರಿಚರ್ಡ್ ಟೀಸ್ 1984ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇಂಗ್ಲಿಷ್ ಮನೆಗಳ ಕೂಸುಗಳಿಗೆ ಹಿಂದಿಯ ‘ತ’ ಮತ್ತು ‘ಟ’ ಕೇಳಿಸಿದರು. ಧ್ವನಿ ಬದಲಾದಾಗ ತಲೆ ತಿರುಗಿಸಿದರೆ ಆಟಿಕೆ ಕಾಣಿಸುತ್ತದೆ ಎಂಬುದನ್ನು ಕೂಸುಗಳಿಗೆ ಮೊದಲೇ ರೂಢಿ ಮಾಡಿಸಿದ್ದರು. 6ರಿಂದ 8 ತಿಂಗಳ ಕೂಸುಗಳಲ್ಲಿ ಹೆಚ್ಚಿನವು ವ್ಯತ್ಯಾಸ ಹಿಡಿದವು. 10ರಿಂದ 12 ತಿಂಗಳ ಕೂಸುಗಳಲ್ಲಿ ಬಹುಪಾಲಿಗೆ ಅದು ಸಾಧ್ಯವಾಗಲಿಲ್ಲ. ಮಂಡ್ಯದ ಡಿ ಬೇರೆ, ಮದ್ದೂರಿನ ಡಿ ಬೇರೆ ಎಂಬುದನ್ನು ಇಂಗ್ಲಿಷ್ ಕಿವಿ ಮೊದಲ ಹುಟ್ಟುಹಬ್ಬದೊಳಗೇ ಮರೆಯತೊಡಗುತ್ತದೆ.

ಪರಭಾಷೆಯ ಧ್ವನಿಯ ಮಾತು ಹಾಗಿರಲಿ, ಇಂಗ್ಲಿಷ್ ತನ್ನ ಧ್ವನಿಗಳನ್ನೇ ನೆಟ್ಟಗೆ ಬರೆಯುವುದಿಲ್ಲ. ಸುಮಾರು 44 ಧ್ವನಿಗಳನ್ನು 26 ಅಕ್ಷರಗಳೊಳಗೆ ತುರುಕಬೇಕು. ಮಂಡ್ಯದ ರೈತ ಕೊರೆಸುವ ಬೋರ್, ಸಿನಿಮಾ ನೋಡಿ ಬಂದವರು ಗೊಣಗುವ ಬೋರ್, ಗದ್ದೆಗೆ ನುಗ್ಗುವ ಕಾಡುಹಂದಿ ಬೋರ್, ಮೂರೂ ಕಿವಿಗೆ ಒಂದೇ. ಮೊದಲೆರಡಕ್ಕೆ ಕಾಗುಣಿತವೂ ಒಂದೇ, ಹಂದಿಗೆ ಮಾತ್ರ ನಡುವೆ ಒಂದು ಎ. ಅತ್ತ ಓ-ಯು-ಜಿ-ಎಚ್ ಎಂಬ ನಾಲ್ಕಕ್ಷರದ ಗುಂಪು ‘ದೋ’ದಲ್ಲಿ ಓ, ‘ಥ್ರೂ’ದಲ್ಲಿ ಊ, ‘ಟಫ್’ನಲ್ಲಿ ಅಫ್, ‘ಕಾಫ್’ನಲ್ಲಿ ಆಫ್, ‘ಬೌ’ದಲ್ಲಿ ಔ.

ಈ ಗೋಜಲಿಗೆ ಇತಿಹಾಸವಿದೆ. ವಿಲಿಯಂ ಕ್ಯಾಕ್ಸ್‌ಟನ್ 1476ರಲ್ಲಿ ವೆಸ್ಟ್‌ಮಿನ್‌ಸ್ಟರ್‌ನಲ್ಲಿ ಅಚ್ಚುಕೂಟ ತೆರೆದ ಮೇಲೆ ಕಾಗುಣಿತ ನಿಧಾನವಾಗಿ ಗಟ್ಟಿಯಾಗುತ್ತ ಬಂತು. ಅದೇ ಕಾಲಕ್ಕೆ, ಸರಿಸುಮಾರು 1400ರಿಂದ 1700ರವರೆಗೆ, ದೀರ್ಘ ಸ್ವರಗಳೆಲ್ಲ ಜಾಗ ಬದಲಿಸುತ್ತಿದ್ದವು. ಎನ್-ಎ-ಎಂ-ಇ ಎಂದು ಬರೆಯುವ ‘ನೇಮ್’ ಅದಕ್ಕೂ ಮೊದಲು ಹೆಚ್ಚುಕಡಿಮೆ ‘ನಾಮ’ ಎಂದೇ ಕೇಳಿಸುತ್ತಿತ್ತು. ಸಂಸ್ಕೃತದ ನಾಮಕ್ಕೂ ಅದಕ್ಕೂ ಮೂಲ ಒಂದೇ. ಬಾಯಿ ಮುಂದೆ ಹೋಯಿತು, ಅಚ್ಚಿನ ಮೊಳೆ ಅಲ್ಲೇ ಉಳಿಯಿತು. ಸಾಲದ್ದಕ್ಕೆ ಪಂಡಿತರ ಉಪಕಾರ ಬೇರೆ: ಸಾಲ ಎಂಬರ್ಥದ ‘ಡೆಟ್’ ಫ್ರೆಂಚಿನಿಂದ ಬಂದಾಗ ಅದರಲ್ಲಿ ಬಿ ಇರಲಿಲ್ಲ. ಲ್ಯಾಟಿನ್ ಮೂಲದಲ್ಲಿ ಇದೆಯೆಂದು ತಂದು ಸೇರಿಸಿದರು. ಉಚ್ಚರಿಸಬೇಕಿಲ್ಲ, ಬಿಟ್ಟರೆ ಮಾತ್ರ ಅಂಕ ಹೋಗುತ್ತದೆ.

ಉಚ್ಚಾರಣೆ ಬದಲಾದಾಗ ಕನ್ನಡ ಏನು ಮಾಡಿತು ಎಂಬುದಕ್ಕೆ ಮದ್ದೂರು ತಾಲ್ಲೂಕಿನಲ್ಲೇ ಕಲ್ಲಿನ ಸಾಕ್ಷಿ ಸಿಕ್ಕಿದೆ. ಕ್ರಿ.ಶ. 949–50ರ ಆತಕೂರು ಶಾಸನ ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ತಕ್ಕೋಲದ ಯುದ್ಧದಲ್ಲಿ ಪರಾಕ್ರಮ ಮೆರೆದ ಮಣಲೇರ ಎಂಬ ವೀರ ಉಡುಗೊರೆಯಾಗಿ ಪಡೆದ ಕಾಳಿ ಎಂಬ ನಾಯಿ ಹಂದಿಯೊಂದಿಗೆ ಕಾದಾಡಿತು, ಎರಡೂ ಒಟ್ಟಿಗೆ ಸತ್ತವು ಎನ್ನುತ್ತದೆ ಶಾಸನ. ಅಲ್ಲಿ ಆ ಪ್ರಾಣಿಯ ಹೆಸರು ‘ಪಂದಿ’. ಮುಂದಿನ ಶತಮಾನಗಳಲ್ಲಿ ಜನರ ಬಾಯಲ್ಲಿ ‘ಪ’ ಹೋಗಿ ‘ಹ’ ಬಂದಾಗ ಬರಹವೂ ಜೊತೆಗೇ ನಡೆಯಿತು; ಪಂದಿ ಹಂದಿಯಾಯಿತು, ಪಾಲು ಹಾಲಾಯಿತು. ಉಚ್ಚಾರಣೆಯಿಂದ ಮರೆಯಾದ ‘ೞ’ ಮತ್ತು ‘ಱ’ ಬರಹದಿಂದಲೂ ಮರೆಯಾದವು.

ಆದರೆ ಮಂಡ್ಯದ ಹಳ್ಳಿಗಳ ಮಾತು ಅಲ್ಲಿಗೇ ನಿಂತಿಲ್ಲ. ಲಂಡನ್ನಿನ ಕಾಕ್ನಿ ಜನ ಎಚ್ ನುಂಗುವ ಹಾಗೆ ಇಲ್ಲಿ ‘ಹ’ ಕೂಡ ಬಿದ್ದು ‘ಅಂದಿ’, ‘ಆಲು’ ಎಂದಾಗಿದೆ. ಶಾಲೆಯ ಪುಸ್ತಕ ಈ ಸಲ ಜೊತೆಗೆ ಬರಲಿಲ್ಲ. ‘ಆಲು’ ಅನ್ನುವ ಮಗು ‘ಹಾಲು’ ಎಂದು ಬರೆಯಬೇಕು. ಇಂಗ್ಲಿಷಿನ ಕಾಯಿಲೆಯ ಸೌಮ್ಯ ರೂಪ ಇದು ಎನ್ನಬಹುದು.

ಮಾತಿಗೂ ಬರಹಕ್ಕೂ ನಡುವಿನ ಈ ಅಂತರಕ್ಕೆ ಮಕ್ಕಳು ತೆರುವ ಬೆಲೆಯನ್ನು ಅಳೆದವರಿದ್ದಾರೆ. ಫಿಲಿಪ್ ಸೆಮೋರ್ ಮತ್ತು ಸಂಗಡಿಗರು 2003ರಲ್ಲಿ ಯೂರೋಪಿನ 13 ಭಾಷೆಗಳನ್ನು ಹೋಲಿಸಿದರು. ಮೊದಲ ತರಗತಿ ಮುಗಿಯುವಷ್ಟರಲ್ಲಿ ಫಿನ್ನಿಷ್, ಗ್ರೀಕ್ ಮಕ್ಕಳು ಪರಿಚಿತ ಪದಗಳನ್ನು ಹೆಚ್ಚುಕಡಿಮೆ ತಪ್ಪಿಲ್ಲದೆ ಓದುತ್ತಿದ್ದರೆ, ಸ್ಕಾಟ್ಲೆಂಡಿನಲ್ಲಿ ಇಂಗ್ಲಿಷ್ ಓದುವ ಮಕ್ಕಳು ಸರಿ ಓದಿದ್ದು ಸುಮಾರು ಶೇಕಡಾ 34. ಹಾಗೆಂದು ಕನ್ನಡ ಸಲೀಸು ಎಂದು ಬೀಗುವಂತಿಲ್ಲ. ಸೊನಾಲಿ ನಾಗ್ 2007ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಕನ್ನಡದ ಅಕ್ಷರ ಕಲಿಕೆ ನಾಲ್ಕನೇ ತರಗತಿಯವರೆಗೂ ನಡೆದೇ ಇರುತ್ತದೆ. ಗುಣಿತಾಕ್ಷರ, ಒತ್ತಕ್ಷರ ಸೇರಿದರೆ ಕಲಿಯಬೇಕಾದ ಆಕಾರಗಳೇ ನೂರಾರು. ವ್ಯತ್ಯಾಸ ಇಷ್ಟೇ: ಆಕಾರ ಕಲಿತ ಮಗು ಎಂದೂ ಕೇಳದ ಪದವನ್ನೂ ಧೈರ್ಯವಾಗಿ ಓದಬಹುದು.

ಆ ಧೈರ್ಯಕ್ಕೂ ಈಗ ಒಂದೆಡೆ ಪೆಟ್ಟು ಬೀಳುತ್ತಿದೆ. ಕಾಫಿ, ಫೋನು, ಆಫೀಸು ಬಂದಾಗ ಅವುಗಳ ಎಫ್ ಧ್ವನಿಗೆ ಕನ್ನಡದಲ್ಲಿ ಅಕ್ಷರವಿರಲಿಲ್ಲ, ‘ಪ’ದ ಮಹಾಪ್ರಾಣವಾದ ‘ಫ’ವನ್ನೇ ಒಪ್ಪಿಸಲಾಯಿತು. ಕೆಳಗೆ ಎರಡು ಚುಕ್ಕಿ ಹಾಕಿ ಬೇರೆ ಮಾಡುವ ಕ್ರಮವಿದ್ದರೂ ಪಾಲಿಸುವವರು ಕಡಿಮೆ. ಹೀಗಾಗಿ ಒಂದೇ ಅಕ್ಷರಕ್ಕೆ ಎರಡು ಧ್ವನಿ. ಮಳವಳ್ಳಿಯ ಅಜ್ಜಿ ‘ಪಲ’ ಎನ್ನುವ ಫಲವನ್ನು ಕಾಲೇಜಿಗೆ ಹೋಗುವ ಮೊಮ್ಮಗಳು ಫೋನಿನ ‘ಫ’ ಹಾಕಿ ಓದುತ್ತಾಳೆ, ವ್ಯಾಕರಣದ ಮೇಷ್ಟ್ರು ಇಬ್ಬರನ್ನೂ ತಿದ್ದುತ್ತಾರೆ.