ಕೇಳದೆಯೇ ಮಾತನಾಡುವ ಸರ್ವರ್

ದೂರದೂರುಗಳಲ್ಲಿರುವ ಇಬ್ಬರು ಅಂತರಜಾಲದ ಮೂಲಕ ಚದುರಂಗವಾಡುತ್ತಿರುವರೆಂದು ಭಾವಿಸೋಣ. ಒಬ್ಬನು ಕುದುರೆಯನ್ನು ನಡೆಸಿದೊಡನೆ ಆ ನಡೆ ಇನ್ನೊಬ್ಬನ ಪರದೆಯ ಮೇಲೆ ಮೂಡಬೇಕು. ಆದರೆ ಜಾಲಪುಟಗಳನ್ನು ತರಿಸಿಕೊಳ್ಳುವ ಎಚ್.ಟಿ.ಟಿ.ಪಿ. ಎಂಬ ನಿಯಮಾವಳಿಯಲ್ಲಿ ಬ್ರೌಸರ್ ಕೇಳಬೇಕು, ಸರ್ವರ್ ಉತ್ತರಿಸಬೇಕು. ಕೇಳದ ಹೊರತು ಸರ್ವರ್ ಬಾಯಿ ತೆರೆಯುವಂತಿಲ್ಲ. ಎದುರಾಳಿ ಆಡಿದನೆ, ಆಡಿದನೆ ಎಂದು ಬ್ರೌಸರ್ ಗಳಿಗೆಗೊಮ್ಮೆ ಕೇಳುತ್ತಿರುವುದೂ ಒಂದು ಉಪಾಯವೇ. ಉತ್ತರವು ಬಹುಪಾಲು ‘ಇಲ್ಲ’ ಎಂದೇ ಬರುವುದರಿಂದ ಅದು ವ್ಯರ್ಥಶ್ರಮ. 2011ರಲ್ಲಿ ಪ್ರಮಾಣೀಕೃತವಾದ ವೆಬ್‌ಸಾಕೆಟ್ ಪದ್ಧತಿಯು ಈ ತೊಡಕನ್ನು ಬಿಡಿಸಿತು.

ಈ ಸಂಪರ್ಕವು ಏರ್ಪಡುವ ಬಗೆ ಸ್ವಾರಸ್ಯವಾದುದು. ಮೊದಲು ಬ್ರೌಸರ್ ಎಂದಿನಂತೆ ಎಚ್.ಟಿ.ಟಿ.ಪಿ. ಕೋರಿಕೆಯೊಂದನ್ನೇ ಕಳುಹಿಸುತ್ತದೆ. ಅದರ ತಲೆಬರಹದಲ್ಲಿ ಮಾತ್ರ ‘ಅಪ್‌ಗ್ರೇಡ್: ವೆಬ್‌ಸಾಕೆಟ್’ ಎಂಬ ಸಾಲಿರುತ್ತದೆ. ಇನ್ನು ಮುಂದಿನ ಮಾತುಕತೆಯನ್ನು ಬೇರೆ ನಿಯಮದಂತೆ ನಡೆಸೋಣವೆ ಎಂದು ಇದರ ಅರ್ಥ. ಜೊತೆಗೆ ಒಂದು ‘ಕೀ’ ಇರುತ್ತದೆ: ಯಾದೃಚ್ಛಿಕವಾಗಿ ಆರಿಸಿದ 16 ಬೈಟುಗಳನ್ನು ಬೇಸ್‌64 ಎಂಬ ಕ್ರಮದಲ್ಲಿ ಬರೆದ 24 ಅಕ್ಷರಗಳು.

ಸರ್ವರ್ ಈ ಅಕ್ಷರಗಳ ಕೊನೆಗೆ, ಪ್ರಮಾಣಪತ್ರದಲ್ಲಿಯೇ ಪ್ರಕಟವಾಗಿರುವ 36 ಅಕ್ಷರಗಳ ಸ್ಥಿರಪದವೊಂದನ್ನು ಜೋಡಿಸುತ್ತದೆ. ಈ 60 ಅಕ್ಷರಗಳನ್ನು ಶಾ-1 ಎಂಬ ಗಣಿತಕ್ರಿಯೆಗೆ ಒಳಪಡಿಸಿದರೆ 20 ಬೈಟುಗಳು ದೊರೆಯುತ್ತವೆ. ಅವನ್ನು ಮತ್ತೆ ಬೇಸ್‌64ರಲ್ಲಿ ಬರೆದು, 101 ಎಂಬ ಸಂಖ್ಯೆಯ ಉತ್ತರದೊಡನೆ ಹಿಂದಿರುಗಿಸುತ್ತದೆ. ಬ್ರೌಸರ್ ತಾನೂ ಅದೇ ಲೆಕ್ಕವನ್ನು ಮಾಡಿ ಹೋಲಿಸುತ್ತದೆ. ಒಂದಕ್ಷರ ವ್ಯತ್ಯಾಸವಾದರೂ ಸಂಪರ್ಕವನ್ನು ಕಡಿದುಬಿಡುತ್ತದೆ.

ಸೂತ್ರವು ಎಲ್ಲರಿಗೂ ತಿಳಿದಿರುವಾಗ ಗುಟ್ಟೆಲ್ಲಿ ಉಳಿಯಿತು? ಗುಟ್ಟು ಇಲ್ಲವೇ ಇಲ್ಲ. ‘ಕೀ’ ಎಂಬ ಹೆಸರನ್ನು ಕಂಡು ನಾವೂ ಮೊದಲು ಮೋಸಹೋದೆವು. ಇದು ಬೀಗದ ಕೈಯಲ್ಲ, ಪರೀಕ್ಷೆಯ ಪ್ರಶ್ನೆ. ವೆಬ್‌ಸಾಕೆಟನ್ನರಿಯದ ಸರ್ವರಾಗಲಿ, ನಡುದಾರಿಯಲ್ಲಿ ಹಳೆಯ ಉತ್ತರವನ್ನು ಕೂಡಿಟ್ಟುಕೊಂಡು ಒಪ್ಪಿಸುವ ಯಂತ್ರವಾಗಲಿ ಈ ಹೊಸ ಪ್ರಶ್ನೆಗೆ ಸರಿಯಾದ ಉತ್ತರವನ್ನು ಕೊಡಲಾರದು. ಒಂದೇ ಶಾ-1 ಫಲವನ್ನು ಕೊಡುವ ಎರಡು ಬೇರೆಬೇರೆ ಕಡತಗಳನ್ನು 2017ರಲ್ಲಿ ಸಂಶೋಧಕರು ರಚಿಸಿ ತೋರಿಸಿದರಷ್ಟೆ. ಇಲ್ಲಿ ಕಾಯಬೇಕಾದ ರಹಸ್ಯವೇ ಇಲ್ಲದ್ದರಿಂದ ಅದರಿಂದ ಬಾಧಕವಿಲ್ಲ. ರಹಸ್ಯವು ಬೇಕಾದಲ್ಲಿ ಟಿ.ಎಲ್.ಎಸ್. ಎಂಬ ಗೂಢಲೇಖನದ ಆಶ್ರಯದಲ್ಲಿ ಸಂಪರ್ಕವನ್ನು ಹೂಡಬೇಕು. ಆಗ ವಿಳಾಸವು ‘ಡಬ್ಲ್ಯು.ಎಸ್.’ ಎಂಬುದರ ಬದಲು ‘ಡಬ್ಲ್ಯು.ಎಸ್.ಎಸ್.’ ಎಂದು ಆರಂಭವಾಗುತ್ತದೆ. ಇಲ್ಲವಾದರೆ ನಾವು ಕಳುಹಿಸುವ ಪಾಸ್‌ವರ್ಡನ್ನು ಕೂಡ ನಡುದಾರಿಯಲ್ಲಿರುವವರು ಓದಿಬಿಡಬಹುದು.

ಉತ್ತರವು ತಾಳೆಯಾದ ಮೇಲೆ ಅದೇ ಸಂಪರ್ಕವು ತೆರೆದೇ ಇರುತ್ತದೆ. ಆ ಬಳಿಕ ಇಬ್ಬರಲ್ಲಿ ಯಾರಾದರೂ ಮೊದಲು ಮಾತನಾಡಬಹುದು. ಪ್ರತಿ ಸಲವೂ ಉದ್ದವಾದ ತಲೆಬರಹವು ಬೇಕಿಲ್ಲ. 125 ಬೈಟುಗಳನ್ನು ಮೀರದ ಸುದ್ದಿಯೊಂದು ಸರ್ವರಿನಿಂದ ಬರುವಾಗ ಅದರ ಮುಂದೆ ಕೇವಲ 2 ಬೈಟುಗಳಿದ್ದರೆ ಸಾಕು. ಕುದುರೆಯ ನಡೆ ಅದರಲ್ಲಿ ಧಾರಾಳವಾಗಿ ಹಿಡಿಸುತ್ತದೆ.