ವಸಂತದ ವಿಹಾರಕ್ಕೆ ತಕ್ಕ ವಸತಿ



ನಾಲ್ಕು ದಿನ ಊರು ಬಿಟ್ಟು ಹೋಗಿಬರಬೇಕೆಂಬ ಆಸೆ ವರ್ಷಕ್ಕೊಮ್ಮೆಯಾದರೂ ಯಾರಿಗೆ ಹುಟ್ಟುವುದಿಲ್ಲ? ಮಕ್ಕಳ ಪರೀಕ್ಷೆಗಳು ಮುಗಿದು ಯುಗಾದಿಯು ಸಮೀಪಿಸಿದಾಗಲಂತೂ ಈ ಆಸೆ ಪ್ರತಿಯೊಂದು ಮನೆಯಲ್ಲಿಯೂ ತಲೆಯೆತ್ತುತ್ತದೆ. ಆಗ ಮನೆಯವರಲ್ಲಿ ಎರಡು ಪಕ್ಷಗಳಾಗುತ್ತವೆ. ಒಂದು ಪಕ್ಷಕ್ಕೆ ಸಮುದ್ರತೀರವೇ ಆಗಬೇಕು. ಮತ್ತೊಂದಕ್ಕೆ ಹಳ್ಳಿಗಾಡಿನ ತೋಟವೋ ಕೆರೆಯ ದಂಡೆಯೋ ಸಾಕು. ಎಲ್ಲಿಗೆ ಹೋಗತಕ್ಕದ್ದೆಂಬ ಚರ್ಚೆ ವಾರಗಟ್ಟಲೆ ನಡೆಯುವುದುಂಟು. ಎಲ್ಲಿ ಇಳಿದುಕೊಳ್ಳತಕ್ಕದ್ದೆಂಬುದು ಮಾತ್ರ ಒಂದು ಸಂಜೆಯಲ್ಲಿ, ಮೊಬೈಲಿನ ನಾಲ್ಕಾರು ಚಿತ್ರಗಳನ್ನು ನೋಡಿ, ತೀರ್ಮಾನವಾಗಿಬಿಡುತ್ತದೆ. ಕಲಬುರಗಿಯಂಥ ಊರಿನಿಂದ ಹೊರಡುವವರು ಈ ಕ್ರಮವನ್ನು ತಿರುವುಮುರುವು ಮಾಡಬೇಕೆಂದು ನನ್ನ ಅಭಿಪ್ರಾಯ. ಮೊದಲು ವಸತಿ, ಆಮೇಲೆ ಊರು. ಇದಕ್ಕೆ ಕಾರಣವನ್ನು ತಿಳಿಯಬೇಕಾದರೆ ನಮ್ಮ ವಸಂತವೆಂಬುದು ಎಂಥದೆಂದು ಸ್ವಲ್ಪ ವಿಚಾರ ಮಾಡಬೇಕು.

ಇಂಗ್ಲಿಷ್ ಸಾಹಿತ್ಯವನ್ನು ಓದಿದವರಿಗೆಲ್ಲ ಚಾಸರ್ ಕವಿಯ ಯಾತ್ರಿಕರು ಪರಿಚಿತರು. ಅವರು ಕ್ಯಾಂಟರ್ಬರಿಗೆ ಹೊರಡುವುದು ಏಪ್ರಿಲ್ ತಿಂಗಳಲ್ಲಿ. ಒಟ್ಟುಗೂಡುವುದು ಲಂಡನ್ನಿನ ಪಕ್ಕದ ಸದರ್ಕಿನಲ್ಲಿದ್ದ ಟ್ಯಾಬರ್ಡ್ ಎಂಬ ಛತ್ರದಲ್ಲಿ. ಆ ದೇಶದಲ್ಲಿ ಏಪ್ರಿಲೆಂದರೆ ಚಳಿ ಹಿಂಜರಿದು, ತುಂತುರುಮಳೆ ಬಿದ್ದು, ನೆಲವು ಚಿಗುರುವ ಕಾಲ. ಮನುಷ್ಯನಿಗೆ ಹೊರಗೆ ಕಾಲಿಡಬೇಕೆಂಬ ಉತ್ಸಾಹ ತಾನಾಗಿ ಬರುತ್ತದೆ. ನಾವು ಆ ಪದ್ಯಗಳನ್ನು ತರಗತಿಯಲ್ಲಿ ಪಾಠ ಹೇಳುವಾಗ ಕಿಟಕಿಯ ಹೊರಗೆ ಕಾಣತಕ್ಕ ಏಪ್ರಿಲ್ ಬೇರೆ! ನಮ್ಮ ಪಂಚಾಂಗದ ವಸಂತವು ಚೈತ್ರ ವೈಶಾಖಗಳಲ್ಲಿ ಬರುತ್ತದೆ. ಬೇವು ಹೂವಾಗುವುದೂ ಮಾವು ಕಾಯಾಗುವುದೂ ನಿಜವೇ. ಆದರೆ ಕಲಬುರಗಿಯಲ್ಲಿ ಮೇ ತಿಂಗಳ ಮಧ್ಯಾಹ್ನದ ಉಷ್ಣತೆ ೪೦ ಡಿಗ್ರಿ ಸೆಲ್ಸಿಯಸನ್ನು ದಾಟುವುದು ಸಾಮಾನ್ಯ. ೪೪ರ ಮೇಲೇರಿದ ದಿನಗಳೂ ಉಂಟು. ಏಪ್ರಿಲ್, ಮೇ ತಿಂಗಳುಗಳಲ್ಲಿ ಈ ಭಾಗದ ಸರ್ಕಾರಿ ಕಚೇರಿಗಳ ವೇಳೆಯನ್ನು ಬೆಳಗಿನ ಎಂಟರಿಂದ ಮಧ್ಯಾಹ್ನ ಒಂದೂವರೆಯವರೆಗೆ ಬದಲಾಯಿಸುವ ಪದ್ಧತಿಯು ರೂಢಿಯಲ್ಲಿದೆ. ಗುಮಾಸ್ತರಿಗೆ ಒಗ್ಗದೆಂದು ಸರ್ಕಾರವೇ ಒಪ್ಪಿದ ಬಿಸಿಲು ವಿಹಾರಕ್ಕೆ ಹೊರಟ ಅಜ್ಜಿಗೂ ಮೊಮ್ಮಗುವಿಗೂ ಒಗ್ಗೀತೆ?

ಆದುದರಿಂದ ಸಾಧ್ಯವಿದ್ದವರು ಹೆಸರಿಗೆ ಶಿಶಿರವಾದರೂ ಸುಖದಲ್ಲಿ ವಸಂತವಾದ ಫೆಬ್ರವರಿಯಲ್ಲಿಯೇ, ತಪ್ಪಿದರೆ ಮಾರ್ಚಿನ ಮೊದಲ ಪಕ್ಷದೊಳಗೆ, ಹೋಗಿಬರುವುದು ಲೇಸು. ಶಾಲೆಗೆ ಹೋಗುವ ಮಕ್ಕಳಿದ್ದವರಿಗೆ ಈ ಸೌಕರ್ಯವಿಲ್ಲ. ಅವರಿಗೆ ಬಿಡುವು ಸಿಕ್ಕುವುದೇ ಏಪ್ರಿಲಿನಲ್ಲಿ. ಮುಂದೆ ಹೇಳತಕ್ಕದ್ದೆಲ್ಲ ಮುಖ್ಯವಾಗಿ ಅವರನ್ನು ಕುರಿತದ್ದು.

ಇಲ್ಲಿ ಒಂದು ಶಬ್ದದ ವಿಚಾರ. ‘ಹೋಟೆಲು’ ಎಂದರೆ ನಮ್ಮ ಜನರಿಗೆ ತಿಂಡಿ ಕಾಫಿಯ ಅಂಗಡಿ, ಇಳಿದುಕೊಳ್ಳುವುದಕ್ಕೆ ‘ಲಾಡ್ಜು’, ಜೋಳದ ರೊಟ್ಟಿಯ ಊಟಕ್ಕೆ ‘ಖಾನಾವಳಿ’. ಈ ಮೂರೂ ಒಂದೇ ಆವರಣದಲ್ಲಿ ದೊರೆಯುವುದೆಂದು ಫಲಕದ ಮೇಲೆ ಬರೆದಿದ್ದರೂ ಕೇಳಿ ತಿಳಿದುಕೊಳ್ಳುವುದು ವಿವೇಕ. ರಿಸಾರ್ಟು, ಹೋಮ್‌ಸ್ಟೇ ಎಂಬ ಹೊಸ ಹೆಸರುಗಳಿಗೆ ಇನ್ನೂ ಖಚಿತವಾದ ಅರ್ಥವೇ ಕೂಡಿಬಂದಿಲ್ಲ. ನಾಲ್ಕು ಗುಡಿಸಲು, ಒಂದು ಉಯ್ಯಾಲೆ ಇದ್ದರೆ ಅದೂ ರಿಸಾರ್ಟು!

ಈಗ ಸಮುದ್ರದ ಪಕ್ಷವನ್ನು ವಿಚಾರಿಸೋಣ. ಕಲಬುರಗಿಯಿಂದ ಕಾರವಾರಕ್ಕೆ ರಸ್ತೆಯಲ್ಲಿ ನಾನೂರೈವತ್ತು ಕಿಲೋಮೀಟರಿಗೂ ಮಿಕ್ಕ ದಾರಿ. ನಾಲ್ಕು ದಿನದ ವಿಹಾರದಲ್ಲಿ ಎರಡು ದಿನವನ್ನು ವಾಹನವೇ ನುಂಗುತ್ತದೆ. ಅದನ್ನಾದರೂ ಸಹಿಸಬಹುದು. ಆದರೆ ‘ಅಲ್ಲಿ ಬರಿಯ ೩೩ ಡಿಗ್ರಿ, ನಮ್ಮಲ್ಲಿ ೪೧’ ಎಂದು ಅಂಕಿಗಳನ್ನಿಟ್ಟುಕೊಂಡು ಹೊರಡುವವರು ಒಂದು ಶಾಸ್ತ್ರೀಯ ಸಂಗತಿಯನ್ನು ಲಕ್ಷಿಸಬೇಕು. ನಮ್ಮ ದೇಹವು ಬೆವರನ್ನು ಆರಿಸಿ ತನ್ನನ್ನು ತಂಪುಮಾಡಿಕೊಳ್ಳುತ್ತದೆ. ಬೆವರು ಹರಿದರೆ ಸಾಲದು, ಆರಬೇಕು. ನಮ್ಮ ಬಯಲುಸೀಮೆಯ ಒಣಗಾಳಿಯಲ್ಲಿ ಅದು ಕ್ಷಣದಲ್ಲಿ ಆರುತ್ತದೆ. ಕರಾವಳಿಯ ಗಾಳಿಯು ಮೊದಲೇ ನೀರಿನ ಹಬೆಯಿಂದ ತುಂಬಿರುವುದರಿಂದ ಅಲ್ಲಿ ಬೆವರು ಮೈಮೇಲೆಯೇ ನಿಲ್ಲುತ್ತದೆ. ಹವಾಮಾನ ಇಲಾಖೆಯವರೂ ಈ ಭೇದವನ್ನು ಮನ್ನಿಸಿದ್ದಾರೆ: ಉಷ್ಣ ಅಲೆಯನ್ನು ಸಾರುವ ಪ್ರಶ್ನೆ ಬಯಲಿನಲ್ಲಿ ೪೦ ಡಿಗ್ರಿಯನ್ನು ಮುಟ್ಟಿದ ಮೇಲೆ ಬಂದರೆ, ಕರಾವಳಿಯಲ್ಲಿ ೩೭ಕ್ಕೇ ಬರುತ್ತದೆ. ನಮ್ಮ ಮನೆಗಳಲ್ಲಿ ಲಾವಂಚದ ತಟ್ಟಿಗೆ ನೀರು ಚಿಮುಕಿಸುವುದೂ, ಈಚಿನ ಕೂಲರ್ ಯಂತ್ರವೂ ಒಂದೇ ತತ್ವದವು. ಎರಡೂ ನೀರನ್ನು ಆರಿಸಿಯೇ ತಂಪನ್ನು ಹುಟ್ಟಿಸುತ್ತವೆ. ಕಲಬುರಗಿಯಲ್ಲಿ ಪ್ರಾಣ ಉಳಿಸುವ ಕೂಲರು ಕಾರವಾರದಲ್ಲಿ ಕೋಣೆಯ ಸೆಕೆಯನ್ನು ಹೆಚ್ಚಿಸುವುದಕ್ಕಷ್ಟೆ ಉಪಯೋಗ. ಸಮುದ್ರವನ್ನು ನೋಡಲೇಬೇಕೆಂಬವರು ಡಿಸೆಂಬರಿನಲ್ಲಿ ನೋಡಲಿ. ಆಗ ಕಡಲೂ ಶಾಂತ, ಗಾಳಿಯೂ ಹಿತ.

ಗಿರಿಧಾಮಗಳ ಮಾತು ಬೇರೆ. ಮುಂಬಯಿ ಪ್ರಾಂತದ ಗವರ್ನರರು ಬೇಸಗೆಯನ್ನು ಕಳೆಯುತ್ತಿದ್ದ ಮಹಾಬಳೇಶ್ವರವು ೧,೩೫೦ ಮೀಟರಿಗೂ ಎತ್ತರದಲ್ಲಿದೆ. ಕಲಬುರಗಿಯು ಸುಮಾರು ೪೫೦ ಮೀಟರು. ಸಾವಿರ ಮೀಟರಿಗೆ ಆರೂವರೆ ಡಿಗ್ರಿಯಂತೆ ತಂಪು ಹೆಚ್ಚುವುದರಿಂದ ವ್ಯತ್ಯಾಸವು ಚೆನ್ನಾಗಿಯೇ ಇದೆ. ಆದರೆ ಮೇ ತಿಂಗಳಲ್ಲಿ ಅಲ್ಲಿಯ ಸಂದಣಿಯೂ ಕೋಣೆಯ ಬಾಡಿಗೆಯೂ ಅಷ್ಟೇ ಎತ್ತರ. ಅಧ್ಯಾಪಕರ ಸಂಬಳದಲ್ಲಿ ಅದನ್ನು ವರ್ಣಿಸಬಹುದೇ ಹೊರತು ಶಿಫಾರಸು ಮಾಡಲಾಗದು.

ಹಾಗಾದರೆ ಹತ್ತಿರದ ಹಳ್ಳಿಗಾಡೇ ಉಳಿಯಿತು. ಇಲ್ಲಿ ವಸತಿಯನ್ನು ಪರೀಕ್ಷಿಸುವ ಮುಖ್ಯ ಪ್ರಶ್ನೆ ಹಗಲಿನದಲ್ಲ, ರಾತ್ರಿಯದು. ಹಗಲಿನ ಬಿಸಿಲನ್ನು ಆರೋಗ್ಯವಂತನು ಹೇಗೋ ತಡೆದುಕೊಳ್ಳುತ್ತಾನೆ, ರಾತ್ರಿ ದೇಹಕ್ಕೆ ವಿಶ್ರಾಂತಿ ಸಿಕ್ಕುವುದಾದರೆ. ಅದು ಸಿಕ್ಕದಿದ್ದರೆ ಎರಡನೆಯ ಹಗಲು ಮೊದಲನೆಯದಕ್ಕಿಂತ ಅಪಾಯಕರ. ನನಗೆ ಪರಿಚಿತವಾದ ಒಂದು ಕುಟುಂಬದವರು ಕೆಲವು ವರ್ಷಗಳ ಹಿಂದೆ ಎಪ್ಪತ್ತು ದಾಟಿದ ತಂದೆಯವರನ್ನು ಕರೆದುಕೊಂಡು ಏಪ್ರಿಲ್ ತಿಂಗಳಲ್ಲಿ ಒಂದು ತೋಟದ ವಸತಿಗೆ ಹೋಗಿದ್ದರು. ಚಿತ್ರದಲ್ಲಿ ಬಹು ಅಂದವಾದ ಕುಟೀರ. ಮಾಡು ಮಾತ್ರ ತಗಡಿನದು, ನಮ್ಮ ಕಡೆಯವರು ಪತ್ರಾಸ್ ಎನ್ನುತ್ತಾರಲ್ಲ, ಅದು. ಬಾವಿಯ ನೀರು ತಳಕಂಡಿದ್ದುದರಿಂದ ಕೂಲರಿಗೆ ನೀರಿಲ್ಲ. ರಾತ್ರಿಯ ಹೊತ್ತು ವಿದ್ಯುತ್ತೂ ಎರಡು ಗಂಟೆ ಹೋಯಿತು. ಮರುದಿನ ಮಧ್ಯಾಹ್ನ ವೃದ್ಧರ ಮೈ ಕಾದು, ಬೆವರು ನಿಂತು, ಮಾತು ತೊದಲಿ, ಮಗನನ್ನು ಬೇರೆ ಯಾರದೋ ಹೆಸರಿನಿಂದ ಕರೆಯತೊಡಗಿದರು. ಅದೃಷ್ಟಕ್ಕೆ ಸೊಸೆಯಾದವರು ಒದ್ದೆಬಟ್ಟೆ ಸುತ್ತಿ, ಗಾಳಿ ಬೀಸುತ್ತ, ಅರ್ಧ ಗಂಟೆಯೊಳಗೆ ತಾಲ್ಲೂಕಿನ ಆಸ್ಪತ್ರೆಗೆ ಮುಟ್ಟಿಸಿದ್ದರಿಂದ ಬದುಕಿಕೊಂಡರು. ಉಷ್ಣಾಘಾತದಲ್ಲಿ ಮಾತು ತಡವರಿಸುವುದು ದಣಿವಿನ ಲಕ್ಷಣವಲ್ಲ. ಮೆದುಳಿಗೆ ಕಾವೇರಿದುದರ ಲಕ್ಷಣ. ಅಂಥ ಸಮಯದಲ್ಲಿ ಆಸ್ಪತ್ರೆಯು ಎಷ್ಟು ದೂರವೆಂಬುದೇ ಮಿಕ್ಕೆಲ್ಲ ಸೌಕರ್ಯಗಳಿಗಿಂತ ದೊಡ್ಡ ಸೌಕರ್ಯ.

ನಮ್ಮ ಹಿರಿಯರು ಮನೆಗಳನ್ನು ಕಟ್ಟಿದ ರೀತಿಯನ್ನು ನೋಡಿದರೆ ಈ ವಿಷಯವೆಲ್ಲ ಅವರಿಗೆ ತಿಳಿದಿತ್ತೆಂದು ಕಾಣುತ್ತದೆ. ಮೊಳದಗಲದ ಗೋಡೆ, ಮಣ್ಣಿನ ಮಾಳಿಗೆ, ನೆಲಕ್ಕೆ ಶಹಾಬಾದಿನ ಫರ್ಶಿ. ದಪ್ಪನೆಯ ಗೋಡೆಯು ಹಗಲಿನ ಕಾವನ್ನು ಒಳಕ್ಕೆ ಬಿಡಲು ಬಹಳ ಹೊತ್ತು ತೆಗೆದುಕೊಳ್ಳುತ್ತದೆ. ಅದು ಒಳಗೆ ಮುಟ್ಟುವ ವೇಳೆಗೆ ಮನೆಯವರು ಮಾಳಿಗೆಯ ಮೇಲೆ ಹಾಸಿಗೆ ಬಿಡಿಸಿ ಆಕಾಶದ ಕೆಳಗೆ ಮಲಗಿರುತ್ತಾರೆ. ಒಣಹವೆಯ ಸೀಮೆಯಲ್ಲಿ ತೆರೆದ ಆಕಾಶಕ್ಕಿಂತ ಒಳ್ಳೆಯ ಚಾವಣಿಯಿಲ್ಲ. ಈಗಿನ ತೆಳು ಕಾಂಕ್ರೀಟಿನ ಚಾವಣಿಯಾದರೋ ಸಂಜೆಯಿಂದ ನಡುರಾತ್ರಿಯವರೆಗೆ ಹಂಚಿನಂತೆ ಕಾವನ್ನು ಕಾರುತ್ತಿರುತ್ತದೆ. ಹೀಗಾಗಿ ಲಾಡ್ಜಿನಲ್ಲಿ ಮೇಲಂತಸ್ತಿನ ಪಶ್ಚಿಮದ ಕೋಣೆಯನ್ನು ‘ನೋಟ ಚೆನ್ನಾಗಿದೆ’ ಎಂದು ಕೊಟ್ಟರೆ ಒಲ್ಲೆನೆನ್ನಿರಿ.

ಕಲಬುರಗಿಯಿಂದ ಹುಮನಾಬಾದಿನ ದಾರಿಯಲ್ಲಿ ನಲವತ್ತು ಕಿಲೋಮೀಟರಿನೊಳಗೆ ಕಮಲಾಪುರ ಸಿಕ್ಕುತ್ತದೆ. ಈ ಹೆಸರಿನಿಂದ ಮೋಸಹೋಗಬಾರದು. ವಿಜಯನಗರ ಜಿಲ್ಲೆಯಲ್ಲಿ ಹಂಪೆಯ ಪಕ್ಕದಲ್ಲಿಯೂ ಒಂದು ಕಮಲಾಪುರವಿದೆ. ಪ್ರವಾಸೋದ್ಯಮ ನಿಗಮದ ಮಯೂರ ಭುವನೇಶ್ವರಿ ಇರುವುದೂ, ಅರಮನೆಯಂತೆ ಕಟ್ಟಿದ ದುಬಾರಿ ರಿಸಾರ್ಟು ಇರುವುದೂ ಅಲ್ಲಿ. ಮೊಬೈಲಿನಲ್ಲಿ ‘ಕಮಲಾಪುರ’ ಎಂದು ಹುಡುಕಿದರೆ ಮೊದಲು ಬರುವುದು ಅದೇ. ಹಂಪೆಯನ್ನು ಚಳಿಗಾಲದಲ್ಲಿ ನೋಡಬೇಕು. ಏಪ್ರಿಲಿನಲ್ಲಿ ಆ ಬಂಡೆಗಳು ಹಗಲು ಕುಡಿದ ಬಿಸಿಲನ್ನು ರಾತ್ರಿಯೆಲ್ಲ ಹಿಂದಕ್ಕೆ ಕೊಡುತ್ತವೆ.

೨೦೧೮ರಲ್ಲಿ ತಾಲ್ಲೂಕು ಕೇಂದ್ರವಾದ ನಮ್ಮ ಕಮಲಾಪುರವು ಪ್ರವಾಸಿಗಳ ಊರೆಂದು ಹೆಸರಾದದ್ದಲ್ಲ. ಅದರ ಕೀರ್ತಿಯೆಲ್ಲ ಕೆಂಪು ಬಾಳೆಯಿಂದ ಬಂದದ್ದು. ಸಿಪ್ಪೆ ಕೆಂಪು, ತಿರುಳು ಕೆನೆಯ ಬಣ್ಣ. ಭೌಗೋಳಿಕ ಸೂಚಿಯ ಮನ್ನಣೆಯೂ ಅದಕ್ಕಿದೆ. ಬಿಡಿ ಹಣ್ಣಿನ ಬೆಲೆಯನ್ನು ಕೇಳಿದವರು ಅದನ್ನು ಶ್ರೀಮಂತರ ಬಾಳೆಯೆನ್ನುತ್ತಾರೆ. ವಸತಿಯ ವಿಚಾರದಲ್ಲಿ ಬಾಳೆಯ ಮಾತೇಕೆಂದು ಕೇಳಬಹುದು. ಬಾಳೆಯು ನೀರಿನ ಬಡತನವಿದ್ದಲ್ಲಿ ಬಾಳದು. ಬಿರುಗಾಳಿಗೆ ಎಲೆ ಹರಿದು ಸೊರಗುತ್ತದೆ. ಈ ಕೆಂಪು ಜಾತಿಯಂತೂ ಗೊನೆ ಬಲಿಯುವುದಕ್ಕೆ ಮಿಕ್ಕ ಬಾಳೆಗಳಿಗಿಂತ ಹೆಚ್ಚು ಕಾಲ ಬೇಡುತ್ತದೆ. ಅಂದಮೇಲೆ ಅದು ಬೆಳೆಯುವಲ್ಲಿ ವರ್ಷವೆಲ್ಲ ನೀರಿದೆ, ಗುಡ್ಡಗಳ ಮರೆಯಿದೆ ಎಂದಾಯಿತು. ಕಲಬುರಗಿಯ ಸುತ್ತ ಕಣ್ಣು ಹಾಯ್ದಷ್ಟು ದೂರ ತೊಗರಿಯ ಎರೆಹೊಲ. ಕಮಲಾಪುರದ ಕಣಿವೆಗಳಲ್ಲಿ ಕೆಂಪುಮಣ್ಣು, ತೋಟ, ನೆರಳು. ಯಾವ ಜಾಹೀರಾತಿಗಿಂತಲೂ ಹೆಚ್ಚು ಸತ್ಯವನ್ನು ಆ ಗಿಡವು ಹೇಳುತ್ತದೆ. ತೋಟವುಳ್ಳ ಬಂಧುಗಳೋ ಹಳೆಯ ವಿದ್ಯಾರ್ಥಿಗಳೋ ಅಲ್ಲಿ ಇದ್ದರೆ ಅವರ ಕರೆಯನ್ನು ತಳ್ಳಿಹಾಕಬೇಡಿರಿ. ಇಲ್ಲದವರು ಬೆಳಗ್ಗೆ ಅಲ್ಲಿಳಿದು, ತೋಟಗಳನ್ನು ನೋಡಿಕೊಂಡು, ಬೀದರಿಗೆ ಮುಂದುವರಿಯಬಹುದು. ೨೦೧೭ರಲ್ಲಿ ತೆರೆದ ಕಲಬುರಗಿ–ಬೀದರ ರೈಲುಮಾರ್ಗವೂ ಕಮಲಾಪುರದ ಮೇಲೆಯೇ ಹೋಗುತ್ತದೆ; ಆ ಸೀಮೆಯಲ್ಲಿ ಗುಡ್ಡವನ್ನು ಕೊರೆದ ಸುರಂಗವು ಮಕ್ಕಳಿಗೆ ಪ್ರತ್ಯೇಕ ಸಂತೋಷ.

ಬೀದರನ್ನು ನಾನು ಹೇಳುವುದಕ್ಕೆ ಪೂರ್ವಸಾಕ್ಷಿಯೊಂದುಂಟು. ೧೩೪೭ರಲ್ಲಿ ಸ್ಥಾಪಿತವಾದ ಬಹಮನಿ ರಾಜ್ಯಕ್ಕೆ ಕಲಬುರಗಿಯೇ ರಾಜಧಾನಿಯಾಗಿತ್ತು. ಹದಿನೈದನೆಯ ಶತಮಾನದ ಮೂರನೆಯ ದಶಕದಲ್ಲಿ ಅಹಮದ್ ಶಾಹನು ಅದನ್ನು ಬೀದರಿಗೆ ಸಾಗಿಸಿದನು. ಅರಮನೆಯ ಒಳಜಗಳ, ರಾಜ್ಯದ ನಡುವಿನ ಸ್ಥಾನ ಮುಂತಾದ ಕಾರಣಗಳನ್ನು ಇತಿಹಾಸಕಾರರು ಹೇಳುತ್ತಾರೆ. ಬೀದರಿನ ಗಾಳಿ ನೀರುಗಳನ್ನೂ ಸೇರಿಸುತ್ತಾರೆ. ಬೀದರು ಕಲಬುರಗಿಗಿಂತ ಸುಮಾರು ಇನ್ನೂರು ಮೀಟರು ಎತ್ತರದಲ್ಲಿದೆ. ಲೆಕ್ಕದಲ್ಲಿ ಅದು ಒಂದೆರಡು ಡಿಗ್ರಿಯ ಮಾತು. ಆದರೆ ಪ್ರಸ್ಥಭೂಮಿಯ ಅಂಚಿನಲ್ಲಿ ಸಂಜೆ ಏಳುವ ಗಾಳಿಯನ್ನು ಅನುಭವಿಸಿದವರು ಲೆಕ್ಕವನ್ನು ಮರೆಯುತ್ತಾರೆ. ಅದಕ್ಕಿಂತ ಮುಖ್ಯವಾದದ್ದು ನೀರು. ಮೇಲೆ ಜಂಬಿಟ್ಟಿಗೆಯ ಪದರ, ಅದು ರಂಧ್ರಮಯ. ಕೆಳಗೆ ಕರಿಯ ಗಟ್ಟಿಶಿಲೆ. ಮಳೆಯ ನೀರು ಮೇಲಿನ ಪದರದಲ್ಲಿ ಇಳಿದು, ಕೆಳಗಿನ ಕಲ್ಲನ್ನು ಮುಟ್ಟಿ ತಡೆದು, ಎರಡೂ ಸೇರುವ ಅಂಚಿನಲ್ಲಿ ಝರಿಯಾಗಿ ಹೊರಬೀಳುತ್ತದೆ. ನರಸಿಂಹ ಝರಣಿ, ಪಾಪನಾಶ, ಗುರುನಾನಕ ಝೀರಾ ಇವೆಲ್ಲ ಹೀಗೆ ಹುಟ್ಟಿದ ಸ್ಥಳಗಳು. ನೆಲದೊಳಗೆ ಕಾಲುವೆ ತೋಡಿ ನೀರನ್ನು ಬಿಸಿಲಿಗೆ ಆರದಂತೆ ಸಾಗಿಸುವ ಪಾರಸೀಕರ ಕರೇಜ್ ವಿದ್ಯೆಯನ್ನು ಬಹಮನಿ ಕಾಲದವರು ಇಲ್ಲಿ ತಂದಿಟ್ಟದ್ದು ಇದೇ ನೆಲದ ಗುಣವನ್ನು ಅರಿತು. ಝೀರಾದ ಗುರುದ್ವಾರದಲ್ಲಿ ಯಾತ್ರಿಕರಿಗೆ ತಂಗುವ ಏರ್ಪಾಡೂ ಲಂಗರಿನ ಊಟವೂ ಉಂಟು. ಆಡಂಬರವಿಲ್ಲದ ವಸತಿ ಸಾಕೆನ್ನುವವರಿಗೆ ಅದಕ್ಕಿಂತ ಹಿತವಾದದ್ದು ಆ ಊರಿನಲ್ಲಿ ವಿರಳ.

ಚಿಂಚೋಳಿಯ ಕಾಡನ್ನೂ ಚಂದ್ರಂಪಳ್ಳಿಯ ಜಲಾಶಯವನ್ನೂ ಕೆಲವರು ಸೂಚಿಸುತ್ತಾರೆ. ೨೦೧೧ರಲ್ಲಿ ವನ್ಯಜೀವಿಧಾಮವೆಂದು ಸಾರಲ್ಪಟ್ಟ ಆ ಪ್ರದೇಶ ನಿಜವಾಗಿಯೂ ರಮ್ಯವಾದದ್ದು, ಸೆಪ್ಟೆಂಬರಿನಲ್ಲಿ. ಅದು ಎಲೆಯುದುರುವ ಒಣಕಾಡು. ಏಪ್ರಿಲಿನಲ್ಲಿ ಮರಗಳೆಲ್ಲ ಬೋಳು. ನಿಮಗೆ ತೋರಿಸಿದ ಹಸಿರು ಚಿತ್ರವನ್ನು ಯಾವ ತಿಂಗಳಲ್ಲಿ ತೆಗೆದರೆಂದು ಕೇಳಿದರೆ ಸಾಕು, ಮಿಕ್ಕದ್ದು ಗೊತ್ತಾಗುತ್ತದೆ.

ಯಾವ ಊರನ್ನೇ ಆರಿಸಿರಿ, ಹೊರಡುವ ಮುಂಚೆ ವಸತಿಯವರಿಗೆ ಫೋನು ಮಾಡಿ ಮಾತನಾಡಿರಿ. ಮುದ್ರಿತ ವಿವರಗಳನ್ನು ನಂಬಿ ಸುಮ್ಮನಿರಬೇಡಿರಿ. ನೀರು ಬಾವಿಯದೋ ಕೊಳವೆಯದೋ ಟ್ಯಾಂಕರಿನದೋ, ಕೋಣೆಯ ಮೇಲೆ ಇನ್ನೊಂದು ಅಂತಸ್ತು ಇದೆಯೋ ಬರಿಯ ಚಾವಣಿಯೋ, ಕಿಟಕಿಗಳು ಎದುರುಬದುರಾಗಿವೆಯೋ, ವಿದ್ಯುತ್ತು ಹೋದರೆ ಗತಿಯೇನು, ಆಸ್ಪತ್ರೆ ಎಷ್ಟು ದೂರ. ಕಲಬುರಗಿಯಲ್ಲಿಯೇ ನೆಂಟರನ್ನು ಇಳಿಸಬೇಕಾದವರು ಹೋಳಿ ಹುಣ್ಣಿಮೆಯ ನಂತರದ ಶರಣಬಸವೇಶ್ವರರ ಜಾತ್ರೆಯ ದಿನಗಳನ್ನು ನೋಡಿಕೊಳ್ಳಲಿ. ಆಗ ಊರಿನ ಲಾಡ್ಜುಗಳಲ್ಲಿ ಕೋಣೆ ಸಿಕ್ಕುವುದು ಕಷ್ಟ. ಕಡೆಗೆ, ‘ರಾತ್ರಿ ಮಾಳಿಗೆಯ ಮೇಲೆ ಮಲಗಲು ಬಿಡುವಿರಾ?’ ಎಂದು ಒಂದು ಮಾತು ಕೇಳಿರಿ. ನಕ್ಕು, ‘ಹಾಸಿಗೆ ನಾವೇ ಕೊಡುತ್ತೇವೆ ಬರ್ರಿ’ ಎಂದರೆ ಮುಂಗಡ ಕಳುಹಿಸಬಹುದು.