ಕೂಡ್ಲಿಗಿಗೆ ಬಂದ ಮಾತ್ರೆ

ಮನೋರೋಗದ ಬಗ್ಗೆ ಜನರಿಗೆ ಮೊದಲು ತಿಳಿವಳಿಕೆ ಮೂಡಬೇಕು, ಆಮೇಲೆ ಅವರು ಆಸ್ಪತ್ರೆಗೆ ಬರುತ್ತಾರೆ ಎಂದು ಎಲ್ಲರೂ ಹೇಳುತ್ತಾರೆ. ಕೂಡ್ಲಿಗಿ ತಾಲ್ಲೂಕಿನ ಹಳ್ಳಿಗಳಲ್ಲಿ ಆರೋಗ್ಯ ಸಹಾಯಕಿಯಾಗಿ ಓಡಾಡಿದ ನಾನು ಕಂಡದ್ದು ಬೇರೆ. ಔಷಧಿ ಊರ ಹತ್ತಿರ ಬಂತು, ತಿಳಿವಳಿಕೆ ಅದರ ಹಿಂದೆಯೇ ಬಂತು.

ಆಗ ಕೂಡ್ಲಿಗಿ ಬಳ್ಳಾರಿ ಜಿಲ್ಲೆಯಲ್ಲಿತ್ತು. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೇ ತರಬೇತಿ ಕೊಟ್ಟು, ಕೆಲವೇ ಬಗೆಯ ಔಷಧಿಗಳನ್ನು ಅವರ ಕೈಗೆ ಕೊಡುವ ವಿಧಾನವನ್ನು ಬೆಂಗಳೂರಿನ ಮನೋರೋಗ ಆಸ್ಪತ್ರೆಯಾದ ನಿಮ್ಹಾನ್ಸ್‌ನವರು ಆ ನಗರದ ಹತ್ತಿರದ ಸಕಲವಾರದಲ್ಲಿ ರೂಢಿಸಿದ್ದರು. 1980ರ ದಶಕದ ನಡುವಿನಲ್ಲಿ ಅದನ್ನು ಸುಮಾರು 20 ಲಕ್ಷ ಜನರಿದ್ದ ನಮ್ಮ ಜಿಲ್ಲೆಗೆ ತಂದರು. ರೋಗಿಗಳನ್ನು ಗುರುತಿಸುವುದು ನಮ್ಮ ಪಾಲಿಗೆ ಬಂತು. ಲಸಿಕೆಗೆಂದು ಹೋದ ಮನೆಗಳಲ್ಲೇ ವಿಚಾರಿಸುತ್ತಿದ್ದೆವು: ಒಬ್ಬೊಬ್ಬರೇ ಮಾತಾಡುವವರು, ನಿದ್ದೆಗೆಟ್ಟವರು, ಫಿಟ್ಸ್ ಬರುವವರು ಯಾರಾದರೂ ಇದ್ದಾರಾ?

ಒಂದು ಮನೆಯ ಕೊಟ್ಟಿಗೆಯಲ್ಲಿ ಹರೆಯದ ಹುಡುಗನನ್ನು ಎತ್ತಿನ ಸರಪಳಿಯಿಂದ ಗೂಟಕ್ಕೆ ಬಿಗಿದಿದ್ದರು. ಕಣಕಾಲಿನ ಚರ್ಮ ಸುಲಿದು ಕೀವಾಗಿತ್ತು. "ಏನ್ ಮಾಡ್ಲಿ ನರ್ಸಮ್ಮ, ಬಿಟ್ರೆ ಬಾವಿ ಕಡೆ ಓಡ್ತಾನೆ" ಎಂದು ತಾಯಿ ಅತ್ತಳು. ಮಗ ಉಳಿಯಲಿ ಅಂತಲೇ ಆಕೆ ಕಟ್ಟಿದ್ದಳು. ತಾಯತ, ಹರಕೆ ಎಲ್ಲ ಮುಗಿದಿದ್ದವು. ಬೆಂಗಳೂರಿಗೆ ಇಡೀ ದಿನದ ಬಸ್ಸು, ಮೇಲೆ ಕೂಲಿ ನಷ್ಟ. ಜೊತೆಗೆ 'ಹುಚ್ಚಾಸ್ಪತ್ರೆ'ಯ ಹೆಸರೇ ಸಾಕಿತ್ತು ಹೆದರಿಸಲು.

ನಮ್ಮ ಡಾಕ್ಟರು ಕ್ಲೋರ್‌ಪ್ರೊಮಝೀನ್ ಶುರು ಮಾಡಿದರು. ಮಿದುಳಿನಲ್ಲಿ ಡೋಪಮಿನ್ ಎಂಬ ರಾಸಾಯನಿಕದ ಕೆಲಸವನ್ನು ತಡೆದು, ಇಲ್ಲದ ದನಿಗಳು ಕೇಳುವುದನ್ನು ತಗ್ಗಿಸುವ ಮಾತ್ರೆಯಿದು. 1952ರಲ್ಲೇ ಪ್ಯಾರಿಸ್‌ನ ಮನೋರೋಗಿಗಳಿಗೆ ಕೊಟ್ಟಿದ್ದ ಔಷಧಿ ನಮ್ಮ ಹಳ್ಳಿ ಮುಟ್ಟಲು ಮೂವತ್ತು ವರ್ಷಕ್ಕೂ ಮೇಲೆ ಹಿಡಿಯಿತು. ನೆನೆದರೆ ಈಗಲೂ ಸಂಕಟವಾಗುತ್ತದೆ.

ಮೊದಮೊದಲು ಹುಡುಗನಿಗೆ ಬರೀ ನಿದ್ದೆ. ಕೈ ನಡುಗತೊಡಗಿದಾಗ ಅದಕ್ಕೊಂದು ಮಾತ್ರೆ ಸೇರಿಸಿದರು. ಇದನ್ನು ತಿಂದವರ ಚರ್ಮ ಬಿಸಿಲು ತಾಳುವುದಿಲ್ಲ, ನಮ್ಮದೋ ಬಳ್ಳಾರಿ ಬಿಸಿಲು! ತುಂಬುತೋಳಿನ ಅಂಗಿ ಹಾಕಿ, ತಲೆಗೆ ಟವೆಲ್ ಸುತ್ತಿ ಕಳಿಸವ್ವಾ ಎಂದು ಹೋದಾಗಲೆಲ್ಲ ಹೇಳುತ್ತಿದ್ದೆ. ಮುಂದಿನ ಹಂಗಾಮಿಗೆ ಅವನು ಹೊಲದಲ್ಲಿ ಶೇಂಗಾ ಬಳ್ಳಿ ಕೀಳುತ್ತಿದ್ದ. ಅದನ್ನು ಕಂಡ ಪಕ್ಕದ ಓಣಿಯವರು, ನಾವು ಕರೆಯದೆಯೇ, ತಮ್ಮ ಮಗಳನ್ನು ಆಸ್ಪತ್ರೆಗೆ ಕರೆತಂದರು. ವಾಸಿಯಾಯಿತೆಂದು ತಾವೇ ಮಾತ್ರೆ ಬಿಟ್ಟವರಿಗೆ ರೋಗ ಮರುಕಳಿಸುತ್ತಿತ್ತು. ಸ್ಟಾಕು ಮುಗಿದ ತಿಂಗಳುಗಳಲ್ಲೂ ಅದೇ ಗತಿ, ಊರಿನ ನಂಬಿಕೆಯೂ ಅಷ್ಟು ಹಿಂದಕ್ಕೆ.

ಬಳ್ಳಾರಿಯ ಮಾದರಿ 1996ರಿಂದ ದೇಶದ ಬೇರೆ ಜಿಲ್ಲೆಗಳಿಗೂ ಹೋಯಿತು. ಈಗ 14416ಕ್ಕೆ ಫೋನ್ ಮಾಡಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಯಾದ ಟೆಲಿ ಮನಸ್‌ನವರು ಕನ್ನಡದಲ್ಲೇ, ಪುಕ್ಕಟೆಯಾಗಿ ಮಾತಾಡುತ್ತಾರೆ. 2017ರ ಮಾನಸಿಕ ಆರೋಗ್ಯ ಕಾಯ್ದೆ ರೋಗಿಗೆ ಸರಪಳಿ ಹಾಕುವುದನ್ನೂ ಅರಿವಳಿಕೆ ಇಲ್ಲದೆ ಕರೆಂಟ್ ಕೊಡುವುದನ್ನೂ ನಿಷೇಧಿಸಿದೆ. ಸಮುದಾಯ ಆರೋಗ್ಯ ಕೇಂದ್ರದಿಂದ ಹಿಡಿದು ಮೇಲಿನ ಸರ್ಕಾರಿ ಆಸ್ಪತ್ರೆಗಳಲ್ಲಿ ಅಗತ್ಯ ಔಷಧಿ ಸದಾ ಉಚಿತವಾಗಿ ಸಿಗಬೇಕೆಂದೂ ಅದೇ ಕಾಯ್ದೆ ಹೇಳುತ್ತದೆ. ಕೌಂಟರಿನಲ್ಲಿ ಮಾತ್ರೆ ಇಲ್ಲ ಎಂದರೆ ಸುಮ್ಮನೆ ಹಿಂದಿರುಗಬೇಡಿ. ಈ ಕಾಯ್ದೆಯ ಹೆಸರು ಹೇಳಿ ಕೇಳಿ.